ಮಂಗಳವಾರದ ಬುತ್ತಿ

(ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ನನ್ನ ಹತ್ತಿರ ಸಲಹೆ ಕೇಳಲು ಮೊದಲು ಬಂದವಳು ಮಗಳು ರೇಣುಕಾ. ಕುರ್ಚಿ ಎಳೆದುಕೊಳ್ಳುತ್ತಲೇ ಶುರು ಮಾಡಿದಳು. "ನಮ್ಮವ್ವಗ ಏನಾಗೈತೋ ಗೊತ್ತಿಲ್ರಿ ಮೇಡಂ. ಭೇಟಿ ಇಲ್ಲದ ವಾರಾನೂ ಜೈಲಿಗೆ ಹೊಕ್ಕಾಳ. ಗೇಟಿನ ಮುಂದ ಕುಂತು ವಾಪಸ್ ಬರ್ತಾಳ."

ಮುಂದಿನ ವಾರ ತಾಯಿಯನ್ನೇ ಕರೆತಂದಳು. ಬಸವ್ವ, 57 ವರ್ಷ. ಹೊಲದ ಕೂಲಿ, ಮಂಡಿ ನೋವು. ಒಂದು ತಿಂಗಳಿಂದ ಊಟ ಸರಿಯಾಗಿ ಮಾಡುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ.

ಮಗ ಮಂಜುನಾಥ 2021ರ ಫೆಬ್ರವರಿಯಲ್ಲಿ ಜಾತ್ರೆಯ ಜಗಳದಲ್ಲಿ ಅದೇ ಊರಿನ ಹುಡುಗನೊಬ್ಬನ ತಲೆಗೆ ಬಡಿಗೆಯಿಂದ ಹೊಡೆದಿದ್ದ. ಎರಡು ದಿನ ಬಿಟ್ಟು ಆ ಹುಡುಗ ಸತ್ತ. ಮಂಜ ಎರಡೂಕಾಲು ವರ್ಷ ವಿಚಾರಣಾಧೀನ ಕೈದಿಯಾಗಿ ಹತ್ತಿರದ ಜೈಲಿನಲ್ಲೇ ಇದ್ದ. 2023ರ ಮೇ ತಿಂಗಳಲ್ಲಿ ಐಪಿಸಿ 304ರ ಎರಡನೇ ಭಾಗದಡಿ (ಕೊಲೆ ಅಲ್ಲದ ನರಹತ್ಯೆ) ಏಳು ವರ್ಷ ಸಜಾ ಆಯಿತು. ಆಮೇಲೆ ನಾಲ್ಕು ತಾಸು ದೂರದ ಕೇಂದ್ರ ಕಾರಾಗೃಹಕ್ಕೆ ಕಳಿಸಿದರು. ಮರುತಿಂಗಳು, ಜೂನ್ 11ಕ್ಕೆ, ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ.

"ಬಸ್ಸಿಗಂತೂ ರೊಕ್ಕ ಇಲ್ಲಲ್ರಿ, ಹೋಗದ ಏನ್ ಮಾಡ್ಲಿ?" ಅಂದರು ಬಸವ್ವ. ಬಸ್ಸು ಫ್ರೀ ಸರಿ, ಆದರೆ ಒಂದು ದಿನದ ಕೂಲಿ ಹೋಗುತ್ತೆ. ಮಾರನೆ ದಿನ ಮಂಡಿ ಊದಿಕೊಂಡು ಇನ್ನರ್ಧ ದಿನದ್ದೂ ಹೋಗುತ್ತೆ.

ಕೊರೊನಾ ಸಮಯದಲ್ಲಿ ಜೈಲುಗಳಲ್ಲಿ ಮುಲಾಕತ್, ಅಂದರೆ ಕೈದಿಗಳ ಭೇಟಿ, ನಿಲ್ಲಿಸಿದ್ದರು. ಆಗ ತಿಂಗಳುಗಟ್ಟಲೆ ಮಗನ ಮುಖ ಕಾಣಲಿಲ್ಲ. ಮತ್ತೆ ಯಾವಾಗ ಬಂದ್ ಮಾಡುತ್ತಾರೋ ಅನ್ನುವ ಭಯ ಅಲ್ಲಿಂದ ಹುಟ್ಟಿದ್ದು. ನಾನು ಇಷ್ಟನ್ನೇ ಕಾರಣ ಅಂದುಕೊಂಡೆ. ಅದು ಅರ್ಧ ಕಾರಣ ಅಂತ ಗೊತ್ತಾಗಿದ್ದು ನನ್ನ ಜೊತೆಗಿನ ಐದನೇ ಭೇಟಿಯಲ್ಲಿ.

ಅವರ ಮಂಗಳವಾರ ಹೀಗಿರುತ್ತಿತ್ತು. ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುವುದು. ಶೇಂಗಾ ಚಟ್ನಿ, ಒಂದು ಪಲ್ಯ, ಬುತ್ತಿ ಕಟ್ಟಿ ಮೊದಲ ಬಸ್ಸು. ಒಂಬತ್ತೂವರೆಗೆ ಗೇಟಿನ ಹತ್ತಿರ ಪಾಳಿ. ಆಧಾರ್ ಕಾರ್ಡ್ ತೋರಿಸಬೇಕು, ಫೋಟೊ ತೆಗೆಸಬೇಕು, ಚೀಲ ಬಿಚ್ಚಬೇಕು. ಮನೆಯ ಅಡುಗೆ ಆ ಜೈಲಿನೊಳಗೆ ಬಿಡುವುದಿಲ್ಲ. ಪ್ರತಿ ಸಲವೂ ಬುತ್ತಿ ವಾಪಸ್ ಬರುತ್ತೆ, ಪ್ರತಿ ಸಲವೂ ಇವರು ಕಟ್ಟಿಕೊಂಡು ಹೋಗುತ್ತಾರೆ. ಹೆಸರು ಕೂಗಿದ ಮೇಲೆ ಹದಿನೈದು ನಿಮಿಷ. ನಡುವೆ ಜಾಲರಿ. ಆಚೆ ಏಳೆಂಟು ಮಂದಿ, ಈಚೆ ಏಳೆಂಟು ಮಂದಿ, ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುತ್ತಾರೆ. ಅದರಲ್ಲಿ ಐದು ನಿಮಿಷ ಅಳು. ಉಳಿದ ಹತ್ತು ನಿಮಿಷ ವಕೀಲರು, ಮೇಲ್ಮನವಿ, ರೊಕ್ಕ. ಮಗ ಬೈಯುತ್ತಾನೆ, ತಾಯಿ ಅಳುತ್ತಾರೆ, ಗಂಟೆ ಹೊಡೆಯುತ್ತೆ.

ನನ್ನ ಮೊದಲ ಸಲಹೆ ತಪ್ಪಾಗಿತ್ತು. "ಒಂದು ತಿಂಗಳು ಹೋಗಬೇಡಿ, ದೇಹಕ್ಕೆ ಸ್ವಲ್ಪ ವಿಶ್ರಾಂತಿ ಕೊಡಿ" ಅಂದೆ. ಬಸವ್ವ ಮನಸ್ಸಿಲ್ಲದ ಮನಸ್ಸಿನಿಂದ ಎರಡು ಸರದಿ ಬಿಟ್ಟರು. ಮಗನಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಒಳಗೆ ಮುಲಾಕತ್ ತಪ್ಪಿದರೆ "ಮನೆಯವರು ಕೈಬಿಟ್ಟರು" ಅನ್ನುವ ಮಾತು ಬ್ಯಾರಕ್ಕಿನಲ್ಲಿ ಬೇಗ ಹಬ್ಬುತ್ತೆ. ಮುಂದಿನ ಸಲ ಇವರು ಹೋದಾಗ ವಾರ್ಡರ್ ಬಂದು "ಬರಂಗಿಲ್ಲ ಅಂತಾನ" ಅಂದ. ಬಸವ್ವ ಒಂದು ಗಂಟೆಯವರೆಗೆ ಕೂತು ವಾಪಸಾದರು.

ಆ ತಪ್ಪು ನನ್ನದು ಅಂತ ಅವರಿಗೆ ನೇರವಾಗಿ ಹೇಳಿದೆ. ಆಮೇಲೆ ಬೇರೆ ದಾರಿ ಹಿಡಿದೆವು. ಭೇಟಿ ತಿಂಗಳಿಗೆ ಒಂದೇ, ಆದರೆ ತಾರೀಖು ಮೊದಲೇ ಗಟ್ಟಿ. ರೇಣುಕಾ ಒಂದು ಕಾರ್ಡಿನಲ್ಲಿ ಬರೆದು ಹಾಕಬೇಕು: ಅವ್ವ ಇಂಥ ದಿನ ಬರ್ತಾಳ, ಅಲ್ಲಿವರೆಗೂ ಬರಂಗಿಲ್ಲ, ಆರಾಮ ಅದಾಳ. ನಡುವೆ ಒಂದು ಸಲ ರೇಣುಕಾಳ ಮೊಬೈಲಿನಲ್ಲಿ ಇ-ಮುಲಾಕತ್. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ನಡೆಸುವ ಜೈಲುಗಳ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸಮಯ ಕೊಡುತ್ತಾರೆ, ವಿಡಿಯೊದಲ್ಲಿ ಮುಖ ಕಾಣುತ್ತೆ. ಬಸವ್ವನಿಗೆ ಇದು ಸರಿಬರಲಿಲ್ಲ. "ಟೀವಿಯೊಳಗ ಇದ್ದಂಗ ಇರ್ತಾನ್ರಿ" ಅಂದರು. ಆದರೂ ಒಪ್ಪಿದರು.

ಕಾನೂನಿನ ಒಂದು ವಿಷಯ ಇವರಿಗೆ ಯಾರೂ ತಿಳಿಸಿರಲಿಲ್ಲ. ತೀರ್ಪು ಬಂದ ದಿನದಿಂದ ಏಳು ವರ್ಷ ಎಣಿಸಿ 2030 ಅಂದುಕೊಂಡಿದ್ದರು. ತೀರ್ಪಿನ ಮೊದಲು ಒಳಗೆ ಕಳೆದ ದಿನಗಳನ್ನು ಶಿಕ್ಷೆಯಿಂದ ಕಡಿತ ಮಾಡುತ್ತಾರೆ. ಕ್ರಿಮಿನಲ್ ಕೇಸುಗಳ ಹಳೆಯ ಕಾನೂನಾದ ಸಿಆರ್‌ಪಿಸಿಯಲ್ಲಿ ಇದು 428ನೇ ಕಲಂ, ಅದರ ಜಾಗಕ್ಕೆ ಬಂದ ಹೊಸ ಬಿಎನ್‌ಎಸ್‌ಎಸ್‌ನಲ್ಲಿ 468. ಮೇಜಿನ ಮೇಲಿದ್ದ ಕ್ಯಾಲೆಂಡರ್ ಹಿಡಿದು ಎಣಿಸಿದೆವು: 2028ರ ಫೆಬ್ರವರಿ. ಕೆಲಸ ಮತ್ತು ಸನ್ನಡತೆಗೆ ಸಿಗುವ ಮಾಫಿ ಸೇರಿದರೆ ಇನ್ನೂ ಮುಂಚೆ. ಬಸವ್ವ ಎರಡು ಸಲ ಎಣಿಸಲು ಹೇಳಿದರು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ತಪ್ಪು ಲೆಕ್ಕ ಹಾಕಿ ಕೂತಿರುತ್ತಾರೋ.

ಮೇಲ್ಮನವಿಗೆ ಅಂತ ಇನ್ನೊಂದು ಸಾಲ ಮಾಡಲು ಹೊರಟಿದ್ದರು. ಬೇಡ ಅಂದೆ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನೇರವಾಗಿಯೂ ಹೋಗಬಹುದು.

ರೊಕ್ಕದ ವಿಷಯ ಜಾಸ್ತಿ ಕಷ್ಟದ್ದು. ಕ್ಯಾಂಟೀನ್ ಖರ್ಚಿಗೆ ಜೈಲಿನ ಖಾತೆಗೆ ಹಾಕುತ್ತಿದ್ದುದು ಒಂದು ಕಡೆ. ಅದಲ್ಲದೆ ಮಂಜ ಹೇಳಿದ ಯಾವುದೋ ನಂಬರಿಗೆ ರೇಣುಕಾ ಮೂರು ಸಲ ಫೋನ್‌ಪೇ ಮಾಡಿದ್ದಳು, ಒಟ್ಟು ಒಂಬತ್ತು ಸಾವಿರ. ಯಾರ ನಂಬರು, ಯಾಕೆ, ಗೊತ್ತಿಲ್ಲ. ಒಳಗಿನ ಸಾಲವೋ ಹೆದರಿಕೆಯೋ ಇರಬೇಕು. ನಾನು ಹೇಳಿದ್ದು: ಗೊತ್ತಿಲ್ಲದ ನಂಬರಿಗೆ ಇನ್ನು ಒಂದು ರೂಪಾಯಿಯೂ ಬೇಡ, ಖಾತೆಗೆ ತಿಂಗಳಿಗೆ 500 ಮಾತ್ರ, ಮೇಲಧಿಕಾರಿಗೆ ಬರೆದು ಕೊಡಿ. ಕೊನೆಯದಕ್ಕೆ ಇಬ್ಬರೂ ಒಪ್ಪಲಿಲ್ಲ. "ಒಳಗ ಇರಾಂವ ಅವಾರೀ" ಅಂದರು ಬಸವ್ವ. ನಾನು ಒತ್ತಾಯ ಮಾಡಲಿಲ್ಲ. ಜೈಲಿಗೆ ಹೋಗಿಬರುವ ಕಾನೂನು ನೆರವಿನ ವಕೀಲರ ಕಿವಿಗೆ ಹಾಕಲು ಮಾತ್ರ ಅನುಮತಿ ಕೇಳಿದೆ, ಕೊಟ್ಟರು. ಕೆಲವು ವಾರದ ಮೇಲೆ ಮಂಜನ ಬ್ಯಾರಕ್ ಬದಲಾಯಿತು. ಇದರಿಂದಲೇ ಅಂತ ಹೇಳಲಾರೆ.

ಹದಿನೈದು ನಿಮಿಷಕ್ಕೆ ಒಂದೇ ಕಟ್ಟಳೆ ಹಾಕಿದೆ. ವಕೀಲರು, ರೊಕ್ಕ ಎರಡೂ ಕಾಗದದಲ್ಲಿ. ಎದುರು ನಿಂತಾಗ ಅವನ ದಿನ ಹೇಗೆ ಹೋಗುತ್ತೆ ಅಂತ ಕೇಳಬೇಕು. ಎರಡೂಮುಕ್ಕಾಲು ವರ್ಷದಲ್ಲಿ ಬಸವ್ವ ಅದನ್ನು ಒಂದು ಸಲವೂ ಕೇಳಿರಲಿಲ್ಲ. ಬೆಳಿಗ್ಗೆ ಬೀಗ ತೆಗೆದು ತಲೆ ಎಣಿಸುತ್ತಾರೆ, ತಿಂಡಿ, ಕೆಲಸ, ಮತ್ತೆ ಎಣಿಕೆ, ಸಂಜೆ ಬೇಗ ಊಟ, ಆರರ ಹೊತ್ತಿಗೆ ಬೀಗ. ಇದನ್ನು ಕೇಳಿಸಿಕೊಂಡು ಬಂದವರು ನನ್ನ ಹತ್ತಿರ ಚಿಂತೆ ಮಾಡಿದ್ದು ಒಂದಕ್ಕೇ: "ಹೊತ್ತ ಮುಳುಗೂದ್ರಾಗ ಉಂಡ್ರ ನಡರಾತ್ರ್ಯಾಗ ಹಸಿವಾಗೂದಿಲ್ಲೇನ್ರಿ?"

ಕಠಿಣ ಸಜಾ ಆದವರು ಕೆಲಸ ಮಾಡಲೇಬೇಕು, ಕೂಲಿಯೂ ಸಿಗುತ್ತೆ. ಮಂಜ ಅದುವರೆಗೆ ಬೆನ್ನು ನೋವು, ಜ್ವರ ಅಂತ ತಪ್ಪಿಸಿಕೊಳ್ಳುತ್ತಿದ್ದ. ಮನೆಯಿಂದ ರೊಕ್ಕ ಬರುತ್ತಿತ್ತಲ್ಲ. 500ಕ್ಕೆ ಇಳಿದ ಮೇಲೆ ನೇಯ್ಗೆ ವಿಭಾಗಕ್ಕೆ ಹೋದ, ಸಿಟ್ಟಿನಿಂದಲೇ ಹೋದ. ಮೂರನೇ ತಿಂಗಳು ಜಾಲರಿಯಾಚೆಯಿಂದ "ಅವ್ವಾ, ಎಳಿ ಹರದ್ರ ಗೊತ್ತಾಗಧಂಗ ಗಂಟ ಹಾಕಾಕ ಕಲತೀನಿ" ಅಂದನಂತೆ. ಬೆರಳು ಜಾಲರಿಗೆ ಒತ್ತಿ ಗಂಟು ಹೇಗೆ ಅಂತ ತೋರಿಸಿದನಂತೆ. ಅದೇ ಬೆರಳಾಟವನ್ನು ಬಸವ್ವ ನನ್ನ ಮೇಜಿನ ಮೇಲೆ ಸೆರಗಿನ ಅಂಚು ಹಿಡಿದು ತೋರಿಸಿದರು. ಓದು ಮಾತ್ರ ಹತ್ತಲಿಲ್ಲ. ಅರ್ಧಕ್ಕೆ ನಿಂತ ಎಸ್ಸೆಸ್ಸೆಲ್ಸಿಗೆ ಹೆಸರು ಕೊಟ್ಟು ಪುಸ್ತಕ ಮುಟ್ಟಲೇ ಇಲ್ಲ. ಬಳ್ಳಾರಿ, ಮೈಸೂರು ಜೈಲುಗಳಲ್ಲಿ ರಂಗ ನಿರ್ದೇಶಕ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಆಡಿಸಿದ್ದನ್ನು ನಾನು ಉತ್ಸಾಹದಿಂದ ಹೇಳಿದೆ. "ಅವಗ ಮೊದಲ ಸಿಟ್ಟ ಇಳೀಲ್ರಿ" ಅಂದಳು ರೇಣುಕಾ. ಸರಿಯಾಗೇ ಹೇಳಿದಳು.

ಇನ್ನು ಆ ಐದನೇ ಭೇಟಿ. ಸುಮ್ನೆ ಮಾತಿಗೆ ಕೇಳಿದೆ: ಭೇಟಿ ಇಲ್ಲದಿದ್ದರೂ ಹೋಗುತ್ತಿದ್ದಿರಲ್ಲ, ಅದೂ ಮಂಗಳವಾರವೇ ಯಾಕೆ? ಬಹಳ ಹೊತ್ತು ಮಾತಿಲ್ಲ. ಆಮೇಲೆ ರೇಣುಕಾ ಹೇಳಿದಳು, "ಅವತ್ತ ನಮ್ಮೂರ ಸಂತಿರಿ."

ಸತ್ತ ಹುಡುಗನ ತಾಯಿ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾರೆ. ಊರ ನಡುವಿನ ದಾರಿ, ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಜೈಲಿನ ಗೇಟಿನ ಮುಂದೆ ಬೇವಿನ ಗಿಡದ ಕೆಳಗೆ ಹತ್ತಾರು ತಾಯಂದಿರು, ಹೆಂಡಂದಿರು. ವಾಪಸ್ ಬಂದ ರೊಟ್ಟಿಯನ್ನು ಅಲ್ಲಿ ಹಂಚಿಕೊಂಡು ಉಣ್ಣುತ್ತಾರೆ. "ಅಲ್ಲೆ ಯಾರೂ ನಿನ್ನ ಮಗ ಏನ್ ಮಾಡ್ಯಾನ ಅಂತ ಕೇಳೂದಿಲ್ರಿ" ಅಂದರು ಬಸವ್ವ. ಮಗ ಒಳಗೆ ಹೋದ ಮೇಲೆ ಅವರು ತಲೆ ಎತ್ತಿ ಕೂತು ಉಂಡ ಜಾಗ ಅದೊಂದೇ.

ನಾನು ಇಷ್ಟು ದಿನ ಅವರು ಎಲ್ಲಿಗೆ ಹೋಗುತ್ತಾರೆ ಅಂತ ನೋಡಿದ್ದೆ. ಏನನ್ನು ಬಿಟ್ಟು ಹೋಗುತ್ತಾರೆ ಅಂತ ನೋಡಿರಲಿಲ್ಲ. ಅಲ್ಲಿಂದ ಮುಂದಿನ ಮಾತೆಲ್ಲ ಸಂತೆಯ ಬಗ್ಗೆಯೇ ಆಯಿತು. ಕ್ಷಮೆ ಕೇಳಲು ಹೋಗಲೇ ಅಂದರು. ಈಗ ಬೇಡ ಅಂದೆ. ಆ ತಾಯಿಯ ದುಃಖದ ಮನೆಗೆ ನಮ್ಮ ಸಮಾಧಾನಕ್ಕೆ ಅಂತ ನುಗ್ಗಬಾರದು ಅಲ್ವಾ? ಅವರಾಗಿ ನೋಡಿದರೆ ತಲೆ ತಗ್ಗಿಸದೆ ಅಲ್ಲೇ ನಿಲ್ಲಿ, ಬೈದರೆ ಕೇಳಿಸಿಕೊಳ್ಳಿ, ಉತ್ತರ ಕೊಡಬೇಡಿ ಅಂದೆ. ಮೊದಲ ಸಲ ರೇಣುಕಾ ಜೊತೆಗಿರಲಿ. ಗೇಟಿನ ಗೆಳತಿಯರ ಪೈಕಿ ಇಬ್ಬರ ಫೋನ್ ನಂಬರ್ ಬರೆದುಕೊಳ್ಳಲೂ ಹೇಳಿದೆ.

ಈಗ ಬಸವ್ವ ಸಂತೆಗೆ ಹೋಗುತ್ತಾರೆ. ಸಂಜೆ, ಅಂಗಡಿ ಎತ್ತುವ ಹೊತ್ತಿಗೆ. ಆಗ ಜನ ಕಡಿಮೆ, ಬದನೆಕಾಯಿಯೂ ಅಗ್ಗ. ಆ ತಾಯಿ ಒಂದು ಸಲ ನೋಡಿ ಮುಖ ತಿರುಗಿಸಿದರಂತೆ. "ಬೈಯಲಿಲ್ರಿ" ಅಂದರು. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ನನ್ನನ್ನು ಕೇಳಿದರು. ನನಗೂ ಗೊತ್ತಿಲ್ಲ ಅಂದೆ. ಮುಂದಿನ ಭೇಟಿಯ ತಾರೀಖು ಬರೆದುಕೊಟ್ಟೆ.