ಎದೆಯೊಳಗಿನ ಕೊಬ್ಬು ಕಷಾಯಕ್ಕೆ ಕರಗುವುದಿಲ್ಲ

ಪ್ರಶ್ನೆ: ನನಗೆ 34 ವರ್ಷ. ಎಕ್ಸ್‌ರೇ ನೋಡಿ ಹೃದಯ ದೊಡ್ಡದಾಗಿದೆ ಎಂದರು, ಎಕೋದಲ್ಲಿ ಹೃದಯ ಸರಿಯಾಗಿದೆ. ಸಿ.ಟಿ. ವರದಿಯಲ್ಲಿ ‘ಥೈಮೋಲಿಪೋಮಾ ಇರಬಹುದು’, ಅಂದರೆ ಎದೆಯೊಳಗೆ ಕೊಬ್ಬಿನ ಗಡ್ಡೆ ಇರಬಹುದು, ಎಂದಿದೆ. ಯಾವ ತೊಂದರೆಯೂ ಇಲ್ಲ. ಕರಗಿಸಲು ಔಷಧಿ ಇದೆಯೇ?

ಉತ್ತರ: ಇಲ್ಲ. ಹುರುಳಿ ಕಷಾಯವೂ ಕರಗಿಸದು, ನನ್ನ ಬಳಿ ಇರುವ ಮಾತ್ರೆಯೂ ಕರಗಿಸದು. ಉಪವಾಸ ಮಾಡಿದರೆ ನೀವು ಸೊರಗುತ್ತೀರಿ, ಗಡ್ಡೆ ಸೊರಗುವುದಿಲ್ಲ. ‘ಮೂರು ತಿಂಗಳಲ್ಲಿ ಕರಗಿಸುತ್ತೇನೆ’ ಎಂದು ಪೊಟ್ಟಣ ಕಟ್ಟಿಕೊಡುವವರು ಆ ಮೂರು ತಿಂಗಳ ನಂತರದ ಸ್ಕ್ಯಾನ್ ತೋರಿಸಿದ್ದನ್ನು ನಾನು ಕಂಡಿಲ್ಲ.

ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಹುಟ್ಟುವ ಈ ಅಪರೂಪದ ಗಡ್ಡೆ ಕ್ಯಾನ್ಸರ್ ಅಲ್ಲ. ತೀರ ಮೆತ್ತಗಿರುವುದರಿಂದ ಏನನ್ನೂ ಒತ್ತದೆ ವರ್ಷಗಟ್ಟಲೆ ಬೆಳೆದು, ಒದ್ದೆ ಟವೆಲಿನಂತೆ ಹೃದಯದ ಪಕ್ಕಕ್ಕೆ ಜೋತುಬೀಳುತ್ತದೆ. ಎಕ್ಸ್‌ರೇಗೆ ಕೊಬ್ಬೂ ಹೃದಯವೂ ಹೆಚ್ಚುಕಡಿಮೆ ಒಂದೇ ನೆರಳು. ನಿಮಗೆ ಆಗಿರುವುದು ಅದೇ. ಸಿ.ಟಿ.ಯಲ್ಲಿ ಗುಟ್ಟು ರಟ್ಟಾಗುತ್ತದೆ: ಅದರ ಅಳತೆಯಲ್ಲಿ ನೀರಿನ ಸಾಂದ್ರತೆ ಸೊನ್ನೆಯಾದರೆ ಕೊಬ್ಬಿನದು ಮೈನಸ್ 100ರ ಆಸುಪಾಸು. ಆ ಕೊಬ್ಬಿನ ನಡುವೆ ಗ್ರಂಥಿಯ ಎಳೆಗಳು ಕಾಣುತ್ತವೆ. ಎಳೆಗಳು ದಪ್ಪಗಿದ್ದರೆ, ಗಂಟುಗಳಿದ್ದರೆ ಲೈಪೋಸಾರ್ಕೋಮಾ ಎಂಬ ಕ್ಯಾನ್ಸರಿನ ಅನುಮಾನ ಬರುತ್ತದೆ. ಹೊಟ್ಟೆಯೊಳಗಿನ ಕೊಬ್ಬು ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆ) ಸಂದಿನಿಂದ ಮೇಲೇರಿ ಗಡ್ಡೆಯ ವೇಷ ಹಾಕುವುದೂ ಉಂಟು.

ಆಪರೇಷನ್ ಬಗ್ಗೆ ನನ್ನ ಮಾತು ನೇರ: ದೇಹಸ್ಥಿತಿ ಚೆನ್ನಾಗಿದ್ದರೆ ತೆಗೆಸಿ. ಪೂರ್ತಿ ತೆಗೆದರೆ ಮತ್ತೆ ಬರುವುದು ತೀರ ಅಪರೂಪ. ಚಿಕ್ಕದಿದ್ದರೆ ಪಕ್ಕೆಯ ರಂಧ್ರಗಳಿಂದ ಕ್ಯಾಮೆರಾ ಹಾಕಿ ತೆಗೆಯಬಹುದು, ದೊಡ್ಡದಿದ್ದರೆ ಎದೆಮೂಳೆ ಸೀಳಬೇಕು. ‘ಸ್ವಲ್ಪ ಕಾಯೋಣ’ ಎನ್ನುವವರೂ ಇದ್ದಾರೆ. ಆದರೆ ಕಾದು ಕಾದು, ಮಲಗಿದರೆ ಉಸಿರು ಕಟ್ಟುವ ಹಂತದಲ್ಲಿ ಬಂದವರನ್ನು ನೋಡಿದ ಮೇಲೆ ನನಗೆ ಆ ತಾಳ್ಮೆ ಉಳಿದಿಲ್ಲ.

ಒಂದನ್ನು ಮಾತ್ರ ಮರೆಯಬೇಡಿ. ಸಂಜೆಯ ಹೊತ್ತಿಗೆ ರೆಪ್ಪೆ ಜೋಲುತ್ತದೆಯೇ? ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ರೊಟ್ಟಿ ಅಗಿಯುವಾಗ ದವಡೆ ಸೋಲುತ್ತದೆಯೇ? ಈ ಗಡ್ಡೆಯ ಜೊತೆ ಕೆಲವರಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯ ಇರುತ್ತದೆ. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ಆಪರೇಷನ್ ಮುಗಿದ ಮೇಲೆ ಉಸಿರಾಟವೇ ಕೈಕೊಡಬಹುದು. ಮೊದಲೇ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ತುಪ್ಪ ತಿಂದರೆ ಎದೆಯಲ್ಲಿ ಕೊಬ್ಬಿನ ಗಡ್ಡೆ ಆಗುತ್ತದೆಯೇ?

ಉತ್ತರ: ಇಲ್ಲ. ಈ ಪ್ರಶ್ನೆ ಇನ್ನು ಸಾಕು.

ಪ್ರಶ್ನೆ: ಬೆನ್ನಿನ ಮೇಲಿನ ಕೊಬ್ಬಿನ ಗಂಟು ಎದೆಯೊಳಗೆ ಇಳಿಯುತ್ತದೆಯೇ?

ಉತ್ತರ: ಗಂಟಿಗೆ ಕಾಲಿಲ್ಲ. ಆದರೆ ಬೇಗ ಬೆಳೆಯುತ್ತಿದ್ದರೆ, ಗಟ್ಟಿಯಾಗಿದ್ದರೆ ತೋರಿಸಿ.