ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಫೈಲು ಎತ್ತಿಟ್ಟುಕೊಳ್ಳಿ

ಪ್ರಶ್ನೆ: ಕಂಪ್ಯೂಟರ್ ಆನ್ ಮಾಡಿದರೆ ಲೋಗೋ ಬಂದು ಅಲ್ಲೇ ನಿಂತುಬಿಡುತ್ತೆ. ಅಂಗಡಿಯವರು ‘ಫಾರ್ಮ್ಯಾಟ್ ಹೊಡೀಬೇಕು, ಡಿ ಡ್ರೈವ್‌ಗೆ ಏನೂ ಆಗಲ್ಲ’ ಅಂತಾರೆ. ಮಗಳ ಮದುವೆ ಫೋಟೋ, ತೋಟದ ಲೆಕ್ಕ ಎಲ್ಲ ಅದರಲ್ಲೇ ಇದೆ. ಕೊಡಬಹುದೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಈಗಲೇ ಕೊಡಬೇಡಿ. ಗುಡುಗು ಮಳೆ ಶುರುವಾಗಿ ಕರೆಂಟು ಹೋಗಿ ಬಂದು ಮಾಡತೊಡಗಿದರೆ ಸಾಕು, ಹಾಸನದ ನನ್ನ ಮೇಜಿಗೆ ಇದೇ ಪ್ರಶ್ನೆ ಬರುತ್ತದೆ. ಬಹಳ ಜನ ಫಾರ್ಮ್ಯಾಟ್ ಮಾಡಿಸಿಕೊಂಡ ಮೇಲೆಯೇ ಬರುತ್ತಾರೆ. ಅದೇ ನನಗೆ ಸಂಕಟ.

ಡಿ ಡ್ರೈವ್‌ಗೆ ಏನೂ ಆಗದಿರಬಹುದು, ನಿಮ್ಮ ಫೈಲು ಅಲ್ಲಿರಬೇಕಲ್ಲ? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ನೀವಾಗಿ ಬದಲಾಯಿಸದಿದ್ದರೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿರುತ್ತವೆ. ಫಾರ್ಮ್ಯಾಟ್ ಹೊಡೆದರೆ ಅಳಿಸಿಹೋಗುವುದು ವಿಂಡೋಸ್ ಇರುವ ಆ ಸಿ ಡ್ರೈವೇ.

ಮೊದಲು ಸಿಪಿಯು ಹತ್ತಿರ ಕಿವಿಯಿಡಿ. ಹಳೆಯ ಹಾರ್ಡ್‌ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಲೇಬೇಡಿ. ಡಿಸ್ಕಿನ ದೋಷ ಹುಡುಕುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ, ಸಾಯುತ್ತಿರುವ ಡಿಸ್ಕನ್ನು ಅದು ಬೇಗ ಸಾಯಿಸುತ್ತದೆ. ಡಿಸ್ಕನ್ನು ಫ್ರಿಜ್ಜಿನಲ್ಲಿಡಿ, ತಟ್ಟಿ ನೋಡಿ ಎನ್ನುವವರ ಅಂಗಡಿಗೆ ಕಾಲಿಡಬೇಡಿ. ಅಂಥ ಡಿಸ್ಕಿನಿಂದ ಫೈಲು ತೆಗೆಯುವುದು ಡೇಟಾ ರಿಕವರಿ ಲ್ಯಾಬಿನ ಕೆಲಸ.

ಸದ್ದಿಲ್ಲದಿದ್ದರೆ ಬೇರೊಂದು ಕಂಪ್ಯೂಟರಿನಲ್ಲಿ ರೂಫಸ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ, 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್‌ನಂಥದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ಖಾಲಿಯದನ್ನೇ ತೆಗೆದುಕೊಳ್ಳಿ. ಅದನ್ನು ನಿಮ್ಮ ಕೆಟ್ಟ ಕಂಪ್ಯೂಟರಿಗೆ ಚುಚ್ಚಿ, ಅದರಿಂದಲೇ ಬೂಟ್ ಮಾಡಿ (ಕಂಪ್ಯೂಟರ್ ಶುರುಮಾಡಿ), ‘ಟ್ರೈ ಉಬುಂಟು’ ಒತ್ತಿ. ‘ಇನ್‌ಸ್ಟಾಲ್’ ಒತ್ತಿದರೆ ಕೆಟ್ಟಿರಿ. ನಿಮ್ಮ ಡಿಸ್ಕ್ ಫೋಲ್ಡರುಗಳಾಗಿ ಕಾಣುತ್ತದೆ. ಯೂಸರ್ಸ್ ಇಡಿಯಾಗಿ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ. ಲೆಕ್ಕ ಟ್ಯಾಲಿಯಲ್ಲಿದ್ದರೆ ಅದರ ಡೇಟಾ ಫೋಲ್ಡರ್ ಬೇರೆಡೆ ಇರಬಹುದು, ಹುಡುಕಿ. ಡ್ರೈವ್ ತೆರೆಯದೆ ಕೀ ಕೇಳಿದರೆ ಅದು ಬಿಟ್‌ಲಾಕರ್, ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. 48 ಅಂಕಿಯ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅದಿಲ್ಲದೆ ಯಾರಿಂದಲೂ ಆಗದು, ‘ಬ್ರೇಕ್ ಮಾಡಿಕೊಡ್ತೀನಿ’ ಎನ್ನುವವರು ದುಡ್ಡು ಕೀಳುತ್ತಾರೆ ಅಷ್ಟೆ.

ಫಾಂಟ್ ಮರೆಯಬೇಡಿ. ಬೇಲೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮೂರಿನ ಚರಿತ್ರೆಯನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಫಾರ್ಮ್ಯಾಟ್ ಆಗಿ ಫೈಲು ಉಳಿದಿತ್ತು, ಫಾಂಟ್ ಹೋಗಿತ್ತು. ತೆರೆದರೆ ಪುಟದ ತುಂಬ ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನುಡಿ ಹಾಕಿದ ಮೇಲೆ ಕನ್ನಡ ಬಂತು, ಅವರ ಕೈ ನಡುಕ ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಎತ್ತಿಟ್ಟುಕೊಳ್ಳಿ.

ಕೊನೆಗೆ, ನಕಲಾದ ಹತ್ತಿಪ್ಪತ್ತು ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೆಸರು ಕಂಡಿತೆಂದು ನಂಬಬೇಡಿ, ಫೋಟೋದಲ್ಲಿ ಮಗಳ ಮುಖ ಕಾಣಬೇಕು. ಆಮೇಲೆ ಅಂಗಡಿಗೆ ಕೊಡಿ.

ಪ್ರಶ್ನೆ: ಎಸ್‌ಎಸ್‌ಡಿ ಫಾರ್ಮ್ಯಾಟ್ ಆಗಿದೆ, ಸಾಫ್ಟ್‌ವೇರ್ ಹಾಕಿದರೆ ಫೈಲು ವಾಪಸ್ ಬರುತ್ತಾ? – ಚಿಕ್ಕಮಗಳೂರು
ಉತ್ತರ: ಅಳಿಸಿದ ಫೈಲಿನ ಜಾಗವನ್ನು ಎಸ್‌ಎಸ್‌ಡಿ ತಾನಾಗಿ ಖಾಲಿ ಮಾಡುವಂತೆ ಹೇಳುವ ‘ಟ್ರಿಮ್’ ಕೆಲಸ ಮಾಡಿದ್ದರೆ ಬರುವುದಿಲ್ಲ, ಸಾಫ್ಟ್‌ವೇರಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ನೆನೆದ ಲ್ಯಾಪ್‌ಟಾಪ್ ಅಕ್ಕಿಯಲ್ಲಿಟ್ಟಿದ್ದೇನೆ, ಎಷ್ಟು ದಿನ ಬಿಡಬೇಕು? – ಮೂಡಿಗೆರೆ
ಉತ್ತರ: ಈಗಲೇ ತೆಗೆಯಿರಿ. ಚಾರ್ಜರ್ ಹಾಕದೆ, ಆನ್ ಮಾಡದೆ, ಬಿಚ್ಚಿ ಒಣಗಿಸುವವರ ಹತ್ತಿರ ಇವತ್ತೇ ಒಯ್ಯಿರಿ.

ಪ್ರಶ್ನೆ: ವಿಂಡೋಸ್ 10 ನಿಂತುಹೋಯಿತಂತೆ, ಕಂಪ್ಯೂಟರ್ ಎಸೆಯಬೇಕೇ? – ಅರಸೀಕೆರೆ
ಉತ್ತರ: 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಮೈಕ್ರೋಸಾಫ್ಟ್‌ನ ಬೆಂಬಲ (ಮಾಮೂಲಿ ಭದ್ರತಾ ಅಪ್‌ಡೇಟ್), ನಿಮ್ಮ ಕಂಪ್ಯೂಟರ್ ಓಡುತ್ತದೆ. ಎಸೆಯಬೇಡಿ, ಆದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.