ಯುದ್ಧ ಮುಗಿಯಲಿ ಅಂತ ಮಕ್ಕಳ ಲಸಿಕೆ ಮುಂದೂಡಬೇಡಿ

ಯುದ್ಧ ನಡೆಯುವ ಕಡೆ ಶಾಲಾ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರು, ಸ್ವಯಂಸೇವಕರು, ತಂದೆತಾಯಂದಿರು ಕೇಳುವ ಪ್ರಶ್ನೆಗಳು ದೇಶ ಬದಲಾದರೂ ಬದಲಾಗುವುದಿಲ್ಲ. ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ನಾವು ಉತ್ತರ ಕೊಡುವಷ್ಟರಲ್ಲಿ ಯಾರೋ ಕೊಟ್ಟ ತಪ್ಪು ಉತ್ತರ ಶಿಬಿರದ ತುಂಬ ಹರಡಿರುತ್ತದೆ. ಅದಕ್ಕೇ ಈ ಸಲ ಅಂಥವನ್ನೇ ಆರಿಸಿದ್ದೇನೆ. ಲಸಿಕೆ ಅಂದರೇನು, ಕೈ ಯಾಕೆ ತೊಳೆಯಬೇಕು ಅನ್ನುವುದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯೇ ಈಗ ನಿರಾಶ್ರಿತರ ಶಿಬಿರ. ಒಂದೊಂದು ಕೋಣೆಯಲ್ಲಿ ನಾಲ್ಕೈದು ಕುಟುಂಬಗಳಿವೆ. ಮಕ್ಕಳಿಗೆ ಲಸಿಕೆ ತಪ್ಪಿ ವರ್ಷದ ಮೇಲಾಯಿತು, ಕಾರ್ಡುಗಳೂ ಕಳೆದುಹೋಗಿವೆ. ಊಟ ಸಾಲದೆ ಮಕ್ಕಳು ಸೊರಗಿದ್ದಾರೆ. ಇಂಥ ಹೊತ್ತಿನಲ್ಲಿ ಸೂಜಿ ಚುಚ್ಚಿಸುವುದು ಬೇಡ, ಪರಿಸ್ಥಿತಿ ತಿಳಿಯಾಗಲಿ ಅಂತ ಹಿರಿಯರು ಹೇಳುತ್ತಾರೆ. ಕಾಯಬಹುದಾ?

ಉತ್ತರ: ಕಾಯಬೇಡಿ. ನನಗೆ ಅತಿ ಜಾಸ್ತಿ ಸಿಟ್ಟು ಬರಿಸುವ ಮಾತು ಇದೇ. ಸಿಟ್ಟು ಕೇಳಿದವರ ಮೇಲಲ್ಲ, ‘ತಿಳಿಯಾಗಲಿ’ ಅಂತ ಸಲಹೆ ಕೊಡುವವರ ಮೇಲೆ. ಯುದ್ಧ ಯಾವಾಗ ಮುಗಿಯುತ್ತದೆ ಅಂತ ಅವರಿಗೆ ಗೊತ್ತಾ?

ಎಲ್ ಸಾಲ್ವಡಾರ್ ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. 1985ರಲ್ಲಿ ಅಲ್ಲಿನ ಸರ್ಕಾರ, ಬಂಡುಕೋರರು ಇಬ್ಬರೂ ಮಕ್ಕಳ ಲಸಿಕೆಗಾಗಿ ಮೂರು ದಿನ ಬಂದೂಕು ಕೆಳಗಿಡಲು ಒಪ್ಪಿದರು. ಯುನಿಸೆಫ್ ಮತ್ತು ಚರ್ಚಿನವರು ನಡುವೆ ನಿಂತು ಒಪ್ಪಿಸಿದ್ದರು. ಆ ಯುದ್ಧ ಮುಗಿದದ್ದು 1992ರಲ್ಲಿ. ಮುಗಿಯಲಿ ಅಂತ ಕಾದಿದ್ದರೆ ಆಗ ಒಂದು ವರ್ಷವಿದ್ದ ಮಗುವಿಗೆ ಎಂಟು ವರ್ಷವಾಗುತ್ತಿತ್ತು. ಬದುಕಿ ಉಳಿದಿದ್ದರೆ.

ಕಾದರೆ ಏನಾಗುತ್ತದೆ ಅನ್ನುವುದಕ್ಕೆ ಸಿರಿಯಾ ಸಾಕ್ಷಿ. ಯುದ್ಧಕ್ಕೆ ಮೊದಲು ಅಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳಿಗೆ ಪೋಲಿಯೊ ಹನಿ ಸಿಗುತ್ತಿತ್ತು. ಯುದ್ಧ ಶುರುವಾದ ಮೇಲೆ ಅದು 70ಕ್ಕಿಂತ ಕೆಳಗಿಳಿಯಿತು. 1999ರಿಂದ ಕಾಣದೇ ಇದ್ದ ಪೋಲಿಯೊ 2013ರಲ್ಲಿ ದೇರ್ ಅಲ್ ಝೋರ್ ಪ್ರಾಂತ್ಯಕ್ಕೆ ವಾಪಸ್ ಬಂತು. ಗಾಝಾದಲ್ಲೂ ಅಷ್ಟೇ. 25 ವರ್ಷ ಪೋಲಿಯೊ ಇರಲಿಲ್ಲ. ಹತ್ತು ತಿಂಗಳ ಕೂಸೊಂದರ ಕಾಲು ಸ್ವಾಧೀನ ತಪ್ಪಿದ್ದು ಪೋಲಿಯೊದಿಂದಲೇ ಅಂತ 2024ರ ಆಗಸ್ಟಿನಲ್ಲಿ ಖಚಿತವಾಯಿತು. ಆ ಕೂಸಿಗೆ ಲಸಿಕೆ ಆಗಿರಲಿಲ್ಲ. ಪೋಲಿಯೊ ವೈರಸ್ ಹೊಕ್ಕ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಬರುತ್ತದೆ. ಅಂದರೆ ಒಂದು ಮಗು ಕುಂಟುವುದು ಕಣ್ಣಿಗೆ ಬೀಳುವ ಹೊತ್ತಿಗೆ ವೈರಸ್ ಎಷ್ಟು ಮನೆ ಹೊಕ್ಕಿರಬಹುದು ಯೋಚಿಸಿ. ಸೆಪ್ಟೆಂಬರಿನಲ್ಲಿ ಅಲ್ಲಲ್ಲಿ ಕೆಲವು ಗಂಟೆ ದಾಳಿ ನಿಲ್ಲಿಸಿ, ಹತ್ತು ವರ್ಷದೊಳಗಿನ 5.5 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಮೊದಲ ಸುತ್ತಿನ ಹನಿ ಹಾಕಿದರು. ಬಾಂಬು ಬೀಳುತ್ತಿದ್ದ ಊರಲ್ಲೇ ಆ ಕೆಲಸ ಆಯಿತು. ನಿಮ್ಮಲ್ಲೂ ಆಗುತ್ತದೆ.

ಆದರೆ ನಿಮ್ಮ ಶಿಬಿರದಲ್ಲಿ ನಾನು ಮೊದಲು ಹೆದರುವುದು ಪೋಲಿಯೊಗಲ್ಲ, ದಡಾರಕ್ಕೆ. ದಡಾರ ಬಂದ ಮಗು ಎದ್ದು ಆಚೆ ಹೋದ ಮೇಲೂ ಎರಡು ಗಂಟೆ ಹೊತ್ತು ಆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿದಿರಬಹುದು. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಹರಡಲು ಶುರುವಾಗುತ್ತದೆ. ಲಸಿಕೆ ಇಲ್ಲದ ಹತ್ತು ಮಕ್ಕಳು ಅದರ ಹತ್ತಿರ ಇದ್ದರೆ ಒಂಬತ್ತು ಮಕ್ಕಳಿಗೆ ತಗಲುತ್ತದೆ. ಹಾಗಾಗಿ ‘ಜ್ವರದ ಮಗುವನ್ನು ಬೇರೆ ಮಲಗಿಸಿದ್ದೇವೆ’ ಅಂತ ನೆಮ್ಮದಿಯಾಗಿ ಇರಬೇಡಿ. ನೀವು ಬೇರೆ ಮಾಡುವ ಹೊತ್ತಿಗೆ ತಡವಾಗಿರುತ್ತದೆ. ಆರು ತಿಂಗಳಿಂದ 15 ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 95 ಮಂದಿಗೆ ದಡಾರದ ಲಸಿಕೆ ಆಗಲೇಬೇಕು. ತುರ್ತು ಶಿಬಿರಗಳಿಗೆ ಇರುವ ಲೆಕ್ಕ ಇದು. ಒಂಬತ್ತು ತಿಂಗಳ ಒಳಗೆ ಹಾಕಿಸಿದ್ದು ಲೆಕ್ಕಕ್ಕಿಲ್ಲ, ಆಮೇಲೆ ಮತ್ತೆ ಹಾಕಿಸಬೇಕು.

ಸೊರಗಿದ ಮಗುವಿಗೆ ಸೂಜಿ ಬೇಡ ಅನ್ನುವುದು ಪೂರ್ತಿ ತಲೆಕೆಳಗಾದ ಮಾತು. ದಡಾರ ಬಂದರೆ ಮೊದಲು ಸಾಯುವುದು ಸೊರಗಿದ ಮಗುವೇ. ಅದಕ್ಕೇ ಸರದಿಯಲ್ಲಿ ಅದನ್ನು ಮುಂದೆ ನಿಲ್ಲಿಸಿ. ನೆಗಡಿ, ಸಣ್ಣ ಜ್ವರ, ಸ್ವಲ್ಪ ಭೇದಿ ಇದ್ದರೂ ಹಾಕಿಸಬಹುದು. ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಇದ್ದರೆ, ಅಥವಾ ಹಿಂದೆ ಅದೇ ಲಸಿಕೆಗೆ ಜೋರಾದ ಅಲರ್ಜಿ ಆಗಿದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಒಂದೇ ದಿನ ಎರಡು ಮೂರು ಲಸಿಕೆ ಕೊಟ್ಟರೂ ತೊಂದರೆ ಇಲ್ಲ. ‘ಇವತ್ತು ಒಂದು, ಮುಂದಿನ ವಾರ ಇನ್ನೊಂದು’ ಅಂತ ಬಿಡಿಸಿ ಹಾಕುವುದು ಶಾಂತಿಕಾಲದ ಅನುಕೂಲ. ಮುಂದಿನ ವಾರ ಆ ಕುಟುಂಬ ಎಲ್ಲಿರುತ್ತದೋ ಯಾರಿಗೂ ತಿಳಿಯದು.

ಕಾರ್ಡು ಕಳೆದಿದೆಯಾ? ಹಾಗಾದರೆ ಲಸಿಕೆ ಆಗಿಲ್ಲ ಅಂತಲೇ ಲೆಕ್ಕ. ಹಿಂದೆ ಆಗಿದ್ದು, ಈಗ ಇನ್ನೊಂದು ಸಲ ಆದರೆ ಅಪಾಯವಿಲ್ಲ. ಆಗದೇ ಬಿಟ್ಟರೆ ಅಪಾಯ. ‘ಚಿಕ್ಕವನಿದ್ದಾಗ ಹಾಕಿಸಿದ ನೆನಪು’ ಅಂತ ತಾಯಿ ಹೇಳಿದರೆ ವಾದ ಮಾಡಬೇಡಿ, ಹಾಕಿಸಿ. ಆಮೇಲೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಲಸಿಕೆ, ತಾರೀಕು ಬರೆಯಿರಿ. ಶಿಕ್ಷಕರು ಮಾತ್ರ ಮಾಡಬಲ್ಲ ಕೆಲಸ ಅದು. ಹೊಸದಾಗಿ ಬಂದ ನರ್ಸಿಗೆ ಮಗುವಿನ ಮುಖ ಪರಿಚಯ ಇರುವುದಿಲ್ಲ, ನಿಮಗಿರುತ್ತದೆ. ಪುಸ್ತಕದ ಫೋಟೊ ತೆಗೆದು ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಅನುಮಾನ ಯಾವಾಗಲೂ ಇರುತ್ತದೆ. ಕರೆಂಟು ಇಲ್ಲದ ಕಡೆಯಿಂದ ಬಂದ ಲಸಿಕೆ ಕೆಟ್ಟಿರುವುದಿಲ್ಲವಾ? ಇದು ಸರಿಯಾದ ಅನುಮಾನ, ಇದಕ್ಕೆ ನಾನು ಬೈಯುವುದಿಲ್ಲ. ಶೀಶೆಯನ್ನು ಕೈಗೆ ತೆಗೆದುಕೊಂಡು ನೋಡಿ. ಲೇಬಲ್ಲಿನ ಮೇಲೋ ಮುಚ್ಚಳದ ಮೇಲೋ ನೇರಳೆ ಬಣ್ಣದ ಸಣ್ಣ ವೃತ್ತ ಇರುತ್ತದೆ, ಅದರೊಳಗೆ ಒಂದು ಚೌಕ. ಲಸಿಕೆ ಹೊಸದಿದ್ದಾಗ ಚೌಕ ಬಿಳಿಚಿಕೊಂಡಿರುತ್ತದೆ. ಬಿಸಿ ತಾಗಿದಷ್ಟೂ ಕಪ್ಪಾಗುತ್ತಾ ಹೋಗುತ್ತದೆ, ಮತ್ತೆ ತಣ್ಣಗೆ ಇಟ್ಟರೂ ಹಿಂದಕ್ಕೆ ಬರುವುದಿಲ್ಲ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ, ಅವಧಿ ಮುಗಿದಿಲ್ಲದಿದ್ದರೆ, ಬಳಸಬಹುದು. ಎರಡೂ ಒಂದೇ ಬಣ್ಣವಾದರೆ ಎಸೆಯಬೇಕು. ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಅದರ ಜೊತೆಗೇ ಬರುವ ದ್ರಾವಣ ಬೆರೆಸಿದ ಮೇಲೆ ಆರು ಗಂಟೆಗಿಂತ ಜಾಸ್ತಿ ಇಡುವಂತಿಲ್ಲ. ಉಳಿಯಿತಲ್ಲ ಅಂತ ನಾಳೆಗೆ ಎತ್ತಿಡುವವರನ್ನು ಕಂಡರೆ ಅಲ್ಲೇ ತಡೆಯಿರಿ. ಆ ಶೀಶೆಯಲ್ಲಿ ಕೀಟಾಣು ಬೆಳೆದು ಮಕ್ಕಳು ಸತ್ತ ಪ್ರಸಂಗಗಳಿವೆ.

ಲಸಿಕೆ ಬದಲು ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಹನಿ, ಪುಡಿ ಮಾರಲು ಶಿಬಿರಕ್ಕೆ ಬರುವವರನ್ನು ಗೇಟಿನಲ್ಲೇ ವಾಪಸ್ ಕಳಿಸಿ. ಮನೆ ಮಠ ಕಳೆದುಕೊಂಡ ತಾಯಿಯ ಕೈಯಿಂದ ಕೊನೆಯ ದುಡ್ಡು ಕಿತ್ತುಕೊಳ್ಳುವವರು ಅವರು. ಅವರ ಹನಿ ದಡಾರ ತಡೆಯುವುದಿಲ್ಲ. ದಡಾರ ಬಂದ ಮಗುವಿಗೆ ನಿಜವಾಗಿ ಬೇಕಾದದ್ದು ವಿಟಮಿನ್ ಎ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 2 ಲಕ್ಷ ಯೂನಿಟ್‌ನಂತೆ ಎರಡು ದಿನ, ಆರೋಗ್ಯ ಕಾರ್ಯಕರ್ತರ ಕೈಯಿಂದಲೇ. ಅದು ಸಾವನ್ನೂ ಕುರುಡುತನವನ್ನೂ ಕಡಿಮೆ ಮಾಡುತ್ತದೆ. ಆದರೆ ಅದೂ ಲಸಿಕೆಗೆ ಬದಲಿಯಲ್ಲ.

ಪ್ರಶ್ನೆ: ಅಯೋಡಿನ್ ಮಾತ್ರೆ ಸಿಗುತ್ತಿಲ್ಲ. ಅಣುಸ್ಥಾವರದ ಕಡೆ ದಾಳಿಯಾದರೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನೇ ಮಕ್ಕಳಿಗೆ ಕುಡಿಸಬಹುದಾ?

ಉತ್ತರ: ಕೂಡದು, ಅದು ವಿಷ. ಮಾತ್ರೆಯನ್ನೂ ಆರೋಗ್ಯ ಇಲಾಖೆ ಹೇಳಿದಾಗ, ಹೇಳಿದಷ್ಟೇ ಕೊಡಬೇಕು. ಅಣುಸ್ಥಾವರದಿಂದ ಸೋರುವ ವಿಕಿರಣಶೀಲ ಅಯೋಡಿನ್ನಿನಿಂದ ಅದು ಕಾಪಾಡುವುದು ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಮಾತ್ರ.

ಪ್ರಶ್ನೆ: ಇಡೀ ತರಗತಿಗೆ ಕಜ್ಜಿ, ತಲೆ ತುಂಬ ಹೇನು. ಹೊದಿಕೆಗಳನ್ನೆಲ್ಲ ಸುಟ್ಟು, ತಲೆಗೆ ಸೀಮೆಎಣ್ಣೆ ಹಚ್ಚುತ್ತಿದ್ದೇವೆ. ಸರಿಯಾ?

ಉತ್ತರ: ಎರಡೂ ತಪ್ಪು. ಸೀಮೆಎಣ್ಣೆಯಿಂದ ಮಕ್ಕಳ ಚರ್ಮ ಸುಡುತ್ತದೆ, ಕಿಡಿ ತಾಗಿದರೆ ಮಗುವೇ ಸುಟ್ಟುಹೋಗುತ್ತದೆ. ಹೇನಿಗೆ ಒದ್ದೆ ಕೂದಲು, ಸಣ್ಣ ಹಲ್ಲಿನ ಬಾಚಣಿಗೆ, ತಾಳ್ಮೆ ಬೇಕು. ಹುಡುಗಿಯರ ತಲೆ ಬೋಳಿಸಿ ಅವಮಾನ ಮಾಡಬೇಡಿ.

ಕಜ್ಜಿಯ ವಿಷಯ ಎರಡನೇ ಮಹಾಯುದ್ಧದ ಕಾಲದಲ್ಲೇ ಇತ್ಯರ್ಥ ಆಗಿದೆ. ಬ್ರಿಟನ್ನಿನಲ್ಲಿ ಆಗ ಕಜ್ಜಿ ವಿಪರೀತ ಹೆಚ್ಚಿತ್ತು. ಕೆನೆತ್ ಮೆಲನ್‌ಬಿ ಅನ್ನುವ ಕೀಟ ವಿಜ್ಞಾನಿ ಶೆಫೀಲ್ಡ್ ನಗರದಲ್ಲಿ, ಯುದ್ಧಕ್ಕೆ ಹೋಗಲು ಒಪ್ಪದ ಸ್ವಯಂಸೇವಕರನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದರು. ಕಜ್ಜಿ ಇದ್ದವರ ಒಳಉಡುಪು ಹಾಕಿಕೊಂಡು, ಅವರ ಕಂಬಳಿ ಹೊದ್ದು ಮಲಗಿದರೂ ಸ್ವಯಂಸೇವಕರಲ್ಲಿ ಕಜ್ಜಿ ಹತ್ತಿದವರು ತೀರಾ ಕಡಿಮೆ. ಹೆಚ್ಚಾಗಿ ಮೈಗೆ ಮೈ ತಾಗಿ ಮಲಗಿದಾಗಲೇ ಹತ್ತುತ್ತದೆ ಅಂತ ಗೊತ್ತಾಯಿತು. ಚಳಿಯಲ್ಲಿರುವ ಮಕ್ಕಳ ಹೊದಿಕೆ ಸುಡಬೇಡಿ, ಒಗೆದು ಒಣಗಿಸಿ. ಮುಲಾಮನ್ನು ಕತ್ತಿನಿಂದ ಪಾದದವರೆಗೆ, ಬೆರಳ ಸಂದಿಯಲ್ಲೂ ಹಚ್ಚಿ. ತುರಿಕೆ ಇರಲಿ ಬಿಡಲಿ, ಜೊತೆಗೆ ಮಲಗುವವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಎರಡನೇ ಸಲ ಯಾವಾಗ ಅಂತ ನರ್ಸನ್ನು ಕೇಳಿ.

ಪ್ರಶ್ನೆ: ಭೇದಿಯಾದಾಗ ನೀರು ಕೊಟ್ಟರೆ ಜಾಸ್ತಿ ಆಗುತ್ತದಂತೆ, ನಿಜವಾ?

ಉತ್ತರ: ಸುಳ್ಳು. ಈ ಮಾತು ನಂಬಿ ಇವತ್ತಿಗೂ ಮಕ್ಕಳು ಸಾಯುತ್ತಿದ್ದಾರೆ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಮಮಟ್ಟಕ್ಕಿರಲಿ, ಗೋಪುರ ಬೇಡ. ಉಪ್ಪು ಜಾಸ್ತಿಯಾದರೆ ಅಪಾಯ. ಊಟವನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ಕುಡಿಯುವ ನೀರಿಗೆ ಪಟಿಕ ಹಾಕಿದರೆ ಸಾಕಾ?

ಉತ್ತರ: ಸಾಲದು. ಕೆಸರು ತಳಕ್ಕೆ ಕೂರುತ್ತದೆ, ಕಾಯಿಲೆ ತರುವ ಕೀಟಾಣು ಸಾಯುವುದಿಲ್ಲ. ತಿಳಿಯಾದ ಮೇಲೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಡಿ, ಇಲ್ಲವೇ ಕುದಿಸಿ.

ಪ್ರಶ್ನೆ: ಎಂಟು ವರ್ಷದ ಮಗ ಮತ್ತೆ ಹಾಸಿಗೆ ಒದ್ದೆ ಮಾಡುತ್ತಾನೆ, ಸದ್ದಾದರೆ ನಡುಗುತ್ತಾನೆ. ನಿದ್ದೆ ಮಾತ್ರೆ ಕೊಡಲಾ? ಸುರಕ್ಷಿತ ಊರಿನ ನೆಂಟರ ಮನೆಗೆ ಒಬ್ಬನನ್ನೇ ಕಳಿಸಲಾ?

ಉತ್ತರ: ನಿದ್ದೆ ಮಾತ್ರೆ, ಆತಂಕ ತಗ್ಗಿಸುವ ಮಾತ್ರೆ ಮಕ್ಕಳಿಗೆ ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಬೈಯಬೇಡಿ, ಹೊಡೆಯಬೇಡಿ, ಬೇರೆಯವರೆದುರು ಹೇಳಬೇಡಿ. 1939ರಲ್ಲಿ ಬ್ರಿಟನ್ನಿನ ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದ ಮಕ್ಕಳ ಬಗ್ಗೆ ಹಳ್ಳಿಯವರ ದೊಡ್ಡ ದೂರೇ ಇದಾಗಿತ್ತು. ಲಂಡನ್ನಿನಲ್ಲಿ ಯುದ್ಧಕಾಲದ ಮಕ್ಕಳನ್ನು ನೋಡಿಕೊಂಡ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಕಂಡದ್ದು ಇಷ್ಟು: ಅನೇಕ ಮಕ್ಕಳಿಗೆ ಬಾಂಬಿಗಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ತಾಯಿಯಿಂದ ದೂರವಾದದ್ದು. ಹಾಗಾಗಿ ಆದಷ್ಟೂ ಜೊತೆಗೇ ಹೋಗಿ. ಪ್ರಾಣಕ್ಕೇ ಕುತ್ತು ಇದ್ದರೆ ಮಾತು ಬೇರೆ. ಆಗ ಗುರುತಿನ ಪರಿಚಯವಿರುವವರ ಜೊತೆ ಕಳಿಸಿ, ಹೆಸರು, ಫೋನ್ ನಂಬರು ಬರೆದು ಅಂಗಿಯೊಳಗೆ ಹೊಲಿಯಿರಿ.

ದಿನಾ ಒಂದೇ ಹೊತ್ತಿಗೆ ಪಾಠ, ಆಟ, ಊಟ ನಡೆದರೆ ಎಷ್ಟೋ ಮಕ್ಕಳು ತಾವಾಗಿಯೇ ಸುಧಾರಿಸುತ್ತಾರೆ. ಎರಡು ದಿನಕ್ಕೆ ಬಂದು, ಕ್ಯಾಮೆರಾ ಮುಂದೆ ಕೂರಿಸಿ, ‘ಏನೇನು ನೋಡಿದೆ ಹೇಳು’ ಅಂತ ಮಕ್ಕಳ ಬಾಯಿ ಬಿಡಿಸುವವರನ್ನು ತರಗತಿಯೊಳಗೆ ಬಿಡಬೇಡಿ. ಅದು ಚಿಕಿತ್ಸೆಯಲ್ಲ, ಗಾಯ ಕೆದಕುವುದು. ಮಗ ಊಟ ಬಿಟ್ಟರೆ, ಸಾಯುವ ಮಾತಾಡಿದರೆ, ತಿಂಗಳು ಕಳೆದರೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ದೊಡ್ಡ ಹುಡುಗಿಯರಿಗೆ ತಲೆನೋವು, ಉರಿಮೂತ್ರ. ಕೇಳಿದರೆ ನೀರೇ ಕುಡಿಯುವುದಿಲ್ಲ ಅನ್ನುತ್ತಾರೆ. ಯಾವ ಟಾನಿಕ್ ಒಳ್ಳೆಯದು?

ಉತ್ತರ: ಯಾವ ಟಾನಿಕ್ಕೂ ಬೇಡ. ಅವರು ನೀರು ಕುಡಿಯದೇ ಇರುವುದು ಶೌಚಾಲಯಕ್ಕೆ ಹೋಗಲು ಹೆದರಿ. ಕತ್ತಲಿರುತ್ತದೆ, ಬಾಗಿಲಿಗೆ ಚಿಲಕ ಇರುವುದಿಲ್ಲ, ಗಂಡಸರೂ ಅದನ್ನೇ ಬಳಸುತ್ತಾರೆ. ಶಾಲೆಯಲ್ಲಿ 30 ಹುಡುಗಿಯರಿಗೆ ಒಂದು, 60 ಹುಡುಗರಿಗೆ ಒಂದು ಶೌಚಾಲಯ ಇರಬೇಕು ಅನ್ನುವುದು ತುರ್ತುಕಾಲದ ನಿಯಮ. ಕುಡಿಯಲು, ಕೈ ತೊಳೆಯಲು ದಿನಕ್ಕೆ ಮಗುವಿಗೆ 3 ಲೀಟರ್ ನೀರು. ಉರಿಮೂತ್ರ ಇರುವವರನ್ನು ನರ್ಸಿಗೆ ತೋರಿಸಿ. ಇವತ್ತೇ ಹುಡುಗಿಯರ ಶೌಚಾಲಯ ಬೇರೆ ಮಾಡಿ, ಒಳಗಿನಿಂದ ಚಿಲಕ ಹಾಕಿಸಿ, ಒಂದು ದೀಪ ಕಟ್ಟಿಸಿ.